ನಾಯಿಯ ಆಟಿಕೆಗಳೂ ನನ್ನ ಹಳೆಯ ಟ್ರಂಕೂ



ಲೇಖನದ ತಲೆಬರಹವನ್ನು ಕಂಡು ತಮ್ಮಲ್ಲಿ ಕೆಲವರು ಮುಗುಳ್ನಕ್ಕಿರಬಹುದು. ಕೆಲವರು ಹುಬ್ಬು ಗಂಟಿಕ್ಕಿರಲೂಬಹುದು. ಈ ಪತ್ರಿಕೆಯ ಪುಟಗಳಲ್ಲಿ ನಾಯಿಯ ಆಟಿಕೆಗಳಿಗೇನು ಕೆಲಸ ಎಂಬ ಪ್ರಶ್ನೆ ಸಹಜವೇ ಆಗಿದೆ. 76 ವರ್ಷದ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬನಿಗೆ ಬರೆಯಲು ಬೇರಾವ ವಿಷಯವೂ ದೊರೆಯದೆ ಹೋಯಿತೇ ಎಂದೂ ತಾವು ಕೇಳಬಹುದು. ದೊರೆಯದೆ ಏನು? ಆದರೆ ಈಚಿನ ವರ್ಷಗಳಲ್ಲಿ ನನ್ನ ತಪ್ಪನ್ನು ನನ್ನಿಂದಲೇ ಒಪ್ಪಿಸಿದ ವಿಷಯ ಇದೊಂದೇ. ಆದುದರಿಂದ ಸಂಕೋಚವನ್ನು ಬದಿಗಿಟ್ಟು ಇದನ್ನೇ ತಮ್ಮ ಮುಂದಿಡುತ್ತಿದ್ದೇನೆ.

ನಾವಿರುವುದು ಧಾರವಾಡದಲ್ಲಿ. ಮಗನು ಬೆಂಗಳೂರಿನಲ್ಲಿ ಉದ್ಯೋಗಸ್ಥ. 2020ರಲ್ಲಿ ಕೊರೊನಾ ವ್ಯಾಧಿಯ ನಿಮಿತ್ತ ಕಚೇರಿಗಳು ಮುಚ್ಚಿ, ಮನೆಯಲ್ಲಿಯೇ ಕುಳಿತು ಕೆಲಸ ಮಾಡುವ ಪದ್ಧತಿ ಬಂದಾಗ ಮಗ, ಸೊಸೆ, ಮೊಮ್ಮಗಳು ಮೂವರೂ ನಮ್ಮಲ್ಲಿಗೆ ಬಂದು ಒಂದೂವರೆ ವರ್ಷ ಇದ್ದರು. ಆ ದಿನಗಳಲ್ಲಿ ಮೊಮ್ಮಗಳು ಓಣಿಯ ಕೊನೆಯ ಮರಳಿನ ರಾಶಿಯ ಮೇಲೆ ತಾಯಿಯನ್ನು ಕಳೆದುಕೊಂಡು ಕುಂಯ್‌ಗುಡುತ್ತಿದ್ದ ನಾಯಿಮರಿಯೊಂದನ್ನು ಎತ್ತಿಕೊಂಡು ಬಂದಳು. ಕಂದು ಮೈ, ಎದೆಯ ಮೇಲೊಂದು ಬಿಳಿಯ ಮಚ್ಚೆ. ವಂಶಾವಳಿ ಹೇಳಿಕೊಳ್ಳುವ ಜಾತಿಯದಲ್ಲ, ನಮ್ಮ ಓಣಿಯದೇ. ಅದಕ್ಕೆ ಮೋತಿ ಎಂದು ಹೆಸರಾಯಿತು. ಕಚೇರಿಗಳು ಮತ್ತೆ ತೆರೆದಾಗ ಮಕ್ಕಳು ಬೆಂಗಳೂರಿಗೆ ಹಿಂತಿರುಗಿದರು. ಮೂರನೆಯ ಮಹಡಿಯ ಸಣ್ಣ ಮನೆಯಲ್ಲಿ ಇದಕ್ಕೆ ಇಕ್ಕಟ್ಟಾಗುವುದೆಂದು ಮೋತಿ ನಮ್ಮೊಡನೆಯೇ ಉಳಿಯಿತು.

ಅಗಲಿಕೆಯ ದುಃಖವನ್ನು ಮೊಮ್ಮಗಳು ಆಟಿಕೆಗಳ ಮೂಲಕ ತೀರಿಸಿಕೊಳ್ಳತೊಡಗಿದಳು. ತಿಂಗಳಿಗೆ ಒಂದೆರಡು ಪಾರ್ಸೆಲ್ಲುಗಳು ಬರುತ್ತಿದ್ದವು. ಒತ್ತಿದರೆ ಪೀಂ ಎನ್ನುವ ರಬ್ಬರಿನ ಬಾತುಕೋಳಿ, ಹೆಣೆದ ಹತ್ತಿಯ ಹಗ್ಗ, ಹಲವು ಅಳತೆಯ ಚೆಂಡುಗಳು, ಅರಳೆ ತುಂಬಿದ ಬಟ್ಟೆಯ ಆನೆ, ಮೊಸಳೆ, ಕರಡಿ. ಒಮ್ಮೆ ಒಣಚರ್ಮದಿಂದ ಮಾಡಿದ ಅಗಿಯುವ ಕಡ್ಡಿಗಳೂ ಬಂದಿದ್ದವು; ನಮ್ಮ ಮನೆಯವರು ಅವನ್ನು ಹೊಸ್ತಿಲಿನ ಆಚೆಯಿಂದಲೇ ಸಾಗಹಾಕಿದರು. ಉಳಿದುವೆಲ್ಲ ಮನೆಯ ತುಂಬ ಹರಡಿಕೊಂಡವು. ಪಡಸಾಲೆಯಲ್ಲಿ ನಾಲ್ಕು, ಹಿತ್ತಲಿನಲ್ಲಿ ಆರು, ಮಂಚದ ಕೆಳಗೆ ಎಷ್ಟೋ! ರಾತ್ರಿ ನೀರು ಕುಡಿಯಲೆಂದು ಎದ್ದವರ ಕಾಲಡಿಯಲ್ಲಿ ಬಾತುಕೋಳಿಯು ಕಿರುಚಿದಾಗ ಮನೆಮಂದಿಯೆಲ್ಲ ಎಚ್ಚರಗೊಳ್ಳುತ್ತಿದ್ದೆವು. ನಾನು ಮಾತ್ರ ಯಾವುದನ್ನೂ ಎತ್ತಿಡುತ್ತಿರಲಿಲ್ಲ. ನಾಯಿಯ ಆಟಿಕೆಗಳನ್ನು ಬಗ್ಗಿ ಆರಿಸುವುದು ನನ್ನ ವಯಸ್ಸಿಗೂ, ಮೂವತ್ತೈದು ವರ್ಷ ಕುರ್ಚಿಯ ಮೇಲೆ ಕುಳಿತ ಗೌರವಕ್ಕೂ ಒಪ್ಪುವ ಕೆಲಸವಲ್ಲವೆಂದು ನನ್ನ ಭಾವನೆ.

2022ರ ಬೇಸಗೆಯಲ್ಲಿ ಒಂದು ದಿನ ಮೋತಿ ಅನ್ನ ಮುಟ್ಟಲಿಲ್ಲ. ಬಿಸಿಲಿನ ತಾಪವಿರಬೇಕೆಂದುಕೊಂಡೆವು. ಮರುದಿನ ನೀರು ಕುಡಿದರೂ ವಾಂತಿಯಾಗತೊಡಗಿತು. ಬೆನ್ನು ಬಾಗಿಸಿಕೊಂಡು ಮೂಲೆಯಲ್ಲಿ ನಿಂತಿತು. ಹೊಟ್ಟೆ ಮುಟ್ಟಿದರೆ ನರಳಿತು. ಪಶುವೈದ್ಯರಲ್ಲಿಗೆ ಒಯ್ದೆವು. ಎಕ್ಸ್‌ರೇಯಲ್ಲಿ ಬಟ್ಟೆ, ದಾರಗಳು ಎಲುಬಿನಂತೆ ಸ್ಪಷ್ಟವಾಗಿ ಕಾಣುವುದಿಲ್ಲವಂತೆ. ಆದುದರಿಂದ ಸ್ಕ್ಯಾನ್ ಮಾಡಿ, ಅಂದು ಸಂಜೆಯೇ ಶಸ್ತ್ರಕ್ರಿಯೆ ಮಾಡಿದರು. ಮುಗಿದ ಮೇಲೆ ವೈದ್ಯರು ಹೊರಗೆ ಬಂದು ಸ್ಟೀಲಿನ ತಟ್ಟೆಯೊಂದನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಪೀಂ ಎನ್ನುವ ಪ್ಲಾಸ್ಟಿಕ್ಕಿನ ಸಣ್ಣ ಗುಂಡಿ, ಒಂದು ಹಿಡಿ ಅರಳೆ, ಮೊಳದುದ್ದದ ದಾರ ಇದ್ದವು.

"ಮಾಸ್ತರರೇ, ಗುಂಡಿಗಿಂತ ಈ ದಾರವೇ ಹೆಚ್ಚು ಅಪಾಯದ್ದು. ಇದರ ಒಂದು ತುದಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಕರುಳು ಅದರ ಮೇಲೆಯೇ ಏರುತ್ತ ಮುದುಡಿಕೊಳ್ಳುತ್ತದೆ. ಲಾಡಿ ಎಳೆದಾಗ ಚೀಲದ ಬಾಯಿ ನೆರಿಗೆಗಟ್ಟುತ್ತದೆಯಲ್ಲ, ಹಾಗೆ. ಕೊನೆಗೆ ದಾರವು ಕರುಳನ್ನೇ ಕೊಯ್ಯುತ್ತದೆ. ಇನ್ನೊಂದು ದಿನ ತಡವಾಗಿದ್ದರೆ ನಾನು ಏನನ್ನೂ ಹೇಳಲಾಗುತ್ತಿರಲಿಲ್ಲ. ಇದು ಯಾವುದರಿಂದ ಬಂದಿತೆಂದು ತಮಗೆ ಗೊತ್ತೇ?" ಎಂದು ಕೇಳಿದರು.

ನನಗೆ ಗೊತ್ತಿತ್ತು. ನಾಲ್ಕು ದಿನಗಳ ಹಿಂದೆಯೇ ಆ ಬಟ್ಟೆಯ ಆನೆಯ ಹೊಲಿಗೆ ಬಿಟ್ಟು ಅರಳೆ ಹೊರಬಂದುದನ್ನು ನಾನು ಕಂಡಿದ್ದೆ. ವೃತ್ತಪತ್ರಿಕೆ ಓದುತ್ತಿದ್ದವನು ಬಗ್ಗಿ ಎತ್ತಿಕೊಳ್ಳಲು ಬೇಸರಪಟ್ಟು, ಅದನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ್ದೆ. ಕಣ್ಣಿಗೆ ಕಾಣದಂತೆ ಮಾಡುವುದನ್ನೇ ಎತ್ತಿಡುವುದೆಂದು ಭಾವಿಸಿದ್ದೆ. ವೈದ್ಯರಿಗೆ ಮಾತ್ರ, "ಯಾವುದೋ ಆಟಿಕೆ ಇರಬೇಕು" ಎಂದಷ್ಟೇ ಹೇಳಿದೆ.

ಮೋತಿ ಬದುಕಿತು. ಹೊಲಿಗೆ ಹಾಕಿದ ಹೊಟ್ಟೆಯೊಂದಿಗೆ ಮನೆಗೆ ಬಂದ ದಿನವೇ ನಾನು ಎಲ್ಲ ಆಟಿಕೆಗಳನ್ನೂ ಒಟ್ಟುಗೂಡಿಸಿ ಕಬ್ಬಿಣದ ಕಪಾಟಿನಲ್ಲಿ ತುಂಬಿ ಬೀಗ ಹಾಕಿದೆ. ಅಪಾಯದ ಮೂಲವನ್ನೇ ಮುಚ್ಚಿದೆನೆಂಬ ನೆಮ್ಮದಿ ನನಗೆ. ಆದರೆ ಗಾಯ ಮಾಯ್ದು, ಮೈಯಲ್ಲಿ ಕಸುವು ಬಂದೊಡನೆ ಮೋತಿ ತನ್ನ ಹಲ್ಲಿಗೆ ತಾನೇ ಕೆಲಸ ಹುಡುಕಿಕೊಂಡಿತು. ಮಂಚದ ಕಾಲು, ನನ್ನ ಹೊಸ ಚಪ್ಪಲಿ, ಬಾಗಿಲ ಬಳಿಯ ಕಾಲೊರಸು ಒಂದೂ ಉಳಿಯಲಿಲ್ಲ. ಹಿತ್ತಲಿನ ಮಲ್ಲಿಗೆಯ ಬುಡವನ್ನು ಕೆದರಿ ಬೇರು ಹೊರಹಾಕಿತು. ಉಳಿದ ಹೊತ್ತಿನಲ್ಲಿ ಕಪಾಟಿನ ಮುಂದೆ ಮುಂಗಾಲು ಚಾಚಿ ಮಲಗಿರುತ್ತಿತ್ತು. ದಸರೆಯ ರಜೆಗೆ ಬಂದ ಮೊಮ್ಮಗಳು ಈ ದೃಶ್ಯವನ್ನು ನೋಡಿ, "ಅಜ್ಜಾ, ಎಲ್ಲಕ್ಕೂ ಬೀಗ ಹಾಕಿದರೆ ಅದು ಆಡುವುದು ಏನನ್ನು?" ಎಂದಳು.

ವಾಚಕರೇ, ಆ ಹತ್ತು ವರ್ಷದ ಹುಡುಗಿಯ ಪ್ರಶ್ನೆ ನನ್ನನ್ನು ಮೂವತ್ತು ವರ್ಷ ಹಿಂದಕ್ಕೆ ಎಳೆದೊಯ್ಯಿತು. ಆಗ ನಾನು ಒಂದು ಹಳ್ಳಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಶಾಲೆಗೆ ಆಟದ ಸಾಮಾನುಗಳು ಬಂದಿದ್ದವು: ಎರಡು ಫುಟ್‌ಬಾಲು, ಎರಡು ವಾಲಿಬಾಲು, ಒಂದು ಬಲೆ, ಒಂದು ಡಜನ್ ಜಿಗಿಯುವ ಹಗ್ಗ, ರಬ್ಬರಿನ ರಿಂಗುಗಳು. ಎಲ್ಲವನ್ನೂ ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ನನ್ನ ಕೈಯಾರೆ ಬರೆದು, ನನ್ನ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಹುಡುಗರು ಬಂದು ಕೇಳಿದಾಗಲೆಲ್ಲ "ಮುಂದಿನ ವಾರ ನೋಡೋಣ" ಎನ್ನುತ್ತಿದ್ದೆ. ಆಡಲು ಕೊಟ್ಟರೆ ಹರಿಯುತ್ತದೆ. ಹರಿದರೆ ರದ್ದಿಗೆ ಹಾಕಲು ಮೇಲಿನವರ ಅಪ್ಪಣೆ ಬೇಕು. ಅಪ್ಪಣೆ ಬೇಡಿದರೆ ಪ್ರಶ್ನೆಗಳು ಬರುತ್ತವೆ. ಕೊಡದಿದ್ದರೆ ಯಾವ ಪ್ರಶ್ನೆಯೂ ಇಲ್ಲ. ತನಿಖೆಗೆ ಬಂದ ಅಧಿಕಾರಿಗಳು ಪ್ರತಿವರ್ಷವೂ ದಾಸ್ತಾನು ಸರಿಯಾಗಿದೆಯೆಂದು ಮೆಚ್ಚಿ ಸಹಿ ಹಾಕಿದರು.

ಆರು ವರ್ಷಗಳ ತರುವಾಯ ನನಗೆ ವರ್ಗವಾಯಿತು. ಪ್ರಭಾರ ವಹಿಸಿಕೊಡುವಾಗ ಕಪಾಟು ತೆರೆದೆವು. ಫುಟ್‌ಬಾಲಿನ ಚರ್ಮ ಬಿರಿದಿತ್ತು. ಒಳಗಿನ ರಬ್ಬರು ಅಂಟಿಕೊಂಡು ಗಾಳಿ ಹಿಡಿಯದಾಗಿತ್ತು. ಬಲೆಯನ್ನು ಇಲಿ ಕಡಿದಿತ್ತು. ಒಂದು ಸಲವೂ ನೆಲ ಮುಟ್ಟದ ಚೆಂಡು ಹಾಗೆಯೇ ಸತ್ತುಹೋಗಿತ್ತು. ಎಣಿಸಿದಾಗ ಲೆಕ್ಕವೇನೋ ಸರಿಯಾಗಿಯೇ ಇತ್ತು. ಆ ಆರು ವರ್ಷಗಳಲ್ಲಿ ಆ ಶಾಲೆಯಿಂದ ಹೊರಬಿದ್ದ ಹುಡುಗ ಹುಡುಗಿಯರ ಆಟವನ್ನು ಬರೆಯಲು ರಜಿಸ್ಟರಿನಲ್ಲಿ ಕಲಮೇ ಇರಲಿಲ್ಲ.

ಎಲ್ಲೆಂದರಲ್ಲಿ ಬಿಸಾಡಿದ್ದೂ ತಪ್ಪು. ಬೀಗ ಹಾಕಿ ಕೂಡಿಟ್ಟದ್ದೂ ತಪ್ಪು. ಎರಡರಲ್ಲಿಯೂ ನಾನು ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವ ಶ್ರಮದಿಂದ ತಪ್ಪಿಸಿಕೊಂಡಿದ್ದೆ. ಎತ್ತಿಡುವುದು ಕೊಡುವುದಕ್ಕಾಗಿ ಎಂಬ ಸಾಮಾನ್ಯ ಸಂಗತಿಯನ್ನು ನಾನು ಆ ವಯಸ್ಸಿನಲ್ಲಿ ಕಲಿಯಬೇಕಾಯಿತು.

ಮರುದಿನ ಮೊಮ್ಮಗಳೂ ನಾನೂ ಪಡಸಾಲೆಯಲ್ಲಿ ಚಾಪೆ ಹಾಸಿ ಕಪಾಟನ್ನು ಬರಿದು ಮಾಡಿದೆವು. ಎಣಿಸಿದರೆ 43 ಆಟಿಕೆಗಳು! ಒಂದೊಂದನ್ನೂ ಎಳೆದು, ಹಿಚುಕಿ, ಹೊಲಿಗೆಗಳ ಮೇಲೆ ಬೆರಳಾಡಿಸಿ ನೋಡಿದೆವು. ಹರಿದವು, ಗುಂಡಿಯ ಕಣ್ಣು ಹೊಲಿದವು, ಒಡೆದು ಚೂಪಾದ ಪ್ಲಾಸ್ಟಿಕ್ಕು, ಉಗುರಿನಿಂದ ಒತ್ತಿದರೂ ತಗ್ಗಾಗದಷ್ಟು ಗಟ್ಟಿಯಾದವು ಮೊದಲು ಹೊರಬಿದ್ದವು. ಅಷ್ಟು ಗಟ್ಟಿಯಾದುದನ್ನು ಕಚ್ಚಿದರೆ ನಾಯಿಯ ಹಲ್ಲೇ ಮುರಿಯುತ್ತದೆ. ಹಿಂದವಡೆಯನ್ನು ದಾಟಿ ಗಂಟಲಿಗೆ ಇಳಿಯಬಲ್ಲ ಸಣ್ಣ ಚೆಂಡುಗಳು ಹೊರಗೆ. ಟೆನಿಸ್ ಚೆಂಡುಗಳೂ ಹೊರಗೆ: ಅದರ ಒರಟು ನವುರಿನಲ್ಲಿ ಧೂಳು, ಮರಳು ಸೇರಿಕೊಂಡು ದಿನವಿಡೀ ಅಗಿಯುವ ನಾಯಿಯ ಹಲ್ಲನ್ನು ಉಪ್ಪುಕಾಗದದಂತೆ ಸವೆಸುತ್ತವೆ. ಹೀಗೆ 18 ಹೋದವು, 25 ಉಳಿದವು.

ಉಳಿದವನ್ನು ಬಣ್ಣ ಅಥವಾ ಆಕಾರದಿಂದ ವಿಂಗಡಿಸದೆ, ಅವುಗಳಿಂದ ನಾಯಿ ಏನು ಮಾಡುತ್ತದೆ ಎಂಬುದರಿಂದ ವಿಂಗಡಿಸಿದೆವು. ಅಗಿಯುವವು 6, ಎಸೆಯುವವು 5, ಎಳೆದಾಡುವ ಹಗ್ಗಗಳು 4, ತಿನಿಸು ಅಡಗಿಸಿಡುವವು 4, ಅಪ್ಪಿಕೊಂಡು ಮಲಗುವ ಮೆತ್ತನೆಯವು 6. ಈ ವಿಂಗಡಣೆಯಿಂದಲೇ ಇಡುವ ಸ್ಥಳವೂ ತೀರ್ಮಾನವಾಯಿತು. ಗಟ್ಟಿ ರಬ್ಬರಿನ ಅಗಿಯುವ ಆಟಿಕೆಗಳು ನಾಯಿಯ ಬಳಿ ಇರಬಹುದು. ಹಗ್ಗಗಳೂ ಮೆತ್ತನೆಯ ಗೊಂಬೆಗಳೂ ನಾವು ಎದುರಿಗೆ ಕುಳಿತಿರುವಾಗ ಮಾತ್ರ ಹೊರಬರಬೇಕು. ಅವುಗಳ ಎಳೆಯೇ ಅಲ್ಲವೇ ಕರುಳಿಗೆ ಇಳಿಯುವುದು?

ಇಷ್ಟನ್ನೆಲ್ಲ ಇಡಲು ಒಂದು ಪೆಟ್ಟಿಗೆ ಬೇಕಾಯಿತು. ಅಟ್ಟದ ಮೇಲೆ ನನ್ನ ಹಳೆಯ ತಗಡಿನ ಟ್ರಂಕು ಇತ್ತು. ತಮ್ಮಲ್ಲಿ ಅನೇಕರು ಅಂತಹ ಟ್ರಂಕನ್ನು ಬಲ್ಲಿರಿ. ಮಠದ ವಿದ್ಯಾರ್ಥಿನಿಲಯಕ್ಕೆ ಸೇರಿದಾಗ ತಂದೆಯವರು ಸಂತೆಯಲ್ಲಿ ಕೊಡಿಸಿದುದು. ಎರಡು ಅಂಗಿ, ಒಂದು ಧೋತರ, ತಾಟು ಲೋಟ, ಪುಸ್ತಕ ಎಲ್ಲವೂ ಅದರಲ್ಲಿಯೇ ಅಡಕವಾಗುತ್ತಿದ್ದವು. ಕತ್ತಲೆಯಲ್ಲಿ ಕೈ ಹಾಕಿದರೂ ಬೇಕಾದ ವಸ್ತು ಸಿಗುವಂತೆ ಇಟ್ಟುಕೊಳ್ಳುವ ಅಭ್ಯಾಸ ನಮಗೆಲ್ಲ ಇತ್ತು. ನಡುವೆ ಎಲ್ಲಿಯೋ ನಾನದನ್ನು ಕಳೆದುಕೊಂಡಿದ್ದೆ. ಟ್ರಂಕನ್ನು ಕೆಳಗಿಳಿಸಿ, ತುಕ್ಕು ಕೆರೆಸಿ, ಬಣ್ಣ ಬಳಿಸಿ, ವಾಸನೆ ಹೋಗುವ ತನಕ ತೆರೆದಿಟ್ಟೆ. ಮುಚ್ಚಳವು ಹಠಾತ್ತನೆ ಬಿದ್ದರೆ ಇಣುಕುವ ನಾಯಿಯ ಕುತ್ತಿಗೆಗೂ, ಮಗುವಿನ ಬೆರಳಿಗೂ ಅಪಾಯ. ಆದುದರಿಂದ ತಗಡಿನ ಕೆಲಸದವರಿಂದ ಅದಕ್ಕೊಂದು ತಡೆಸರಪಳಿ ಹಾಕಿಸಿ, ಅಂಚಿಗೆ ರಬ್ಬರು ಕೂಡಿಸಿ, ಮೋತಿಗೆ ಎಟುಕದಂತೆ ಎತ್ತರದ ಬೆಂಚಿನ ಮೇಲೆ ಇಟ್ಟೆ. ನಾವು ಟ್ರಂಕಿನಲ್ಲಿ ನುಸಿಗುಳಿಗೆ ಹಾಕುತ್ತಿದ್ದುದು ತಮಗೆ ನೆನಪಿರಬಹುದು. ಅದು ನಾಯಿಗೆ ವಿಷ. ಇಲ್ಲಿ ಒಂದನ್ನೂ ಹಾಕಕೂಡದು.

ದಿನಬಳಕೆಯ ನಾಲ್ಕೈದು ಆಟಿಕೆಗಳನ್ನು ಇಡಲು ಮೊದಲು ಬಿದಿರಿನ ಬುಟ್ಟಿ ತಂದೆ. ಮೋತಿ ಆಟಿಕೆಗಳನ್ನು ಬಿಟ್ಟು ಬುಟ್ಟಿಯನ್ನೇ ಅಗಿಯಿತು. ಸೀಳಿದ ಬಿದಿರು ದಾರಕ್ಕಿಂತ ಕೆಟ್ಟದ್ದು. ಕೊನೆಗೆ ಅಡಿಗೆಮನೆಯಲ್ಲಿ ಮೂಲೆಗೆ ಬಿದ್ದಿದ್ದ ಅಲ್ಯುಮಿನಿಯಮ್ ಬೋಗುಣಿ ಕೆಲಸಕ್ಕೆ ಬಂದಿತು. ಅಗಲವಾದ ಬಾಯಿ, ತಗ್ಗಾದ ಅಂಚು. ನಾಯಿಗೆ ತನ್ನ ಆಟಿಕೆಗಳೆಲ್ಲ ಕಾಣುತ್ತವೆ, ತಾನೇ ಬೇಕಾದುದನ್ನು ಎತ್ತಿಕೊಳ್ಳುತ್ತದೆ. ಬಾಯಲ್ಲಿದ್ದುದನ್ನು ಬೋಗುಣಿಯ ಮೇಲೆ ಬಿಟ್ಟರೆ ರೊಟ್ಟಿಯ ಚೂರು ದೊರೆಯುತ್ತದೆಂಬುದನ್ನು ಅದು ಮೂರು ವಾರಗಳಲ್ಲಿ ಕಲಿತುಕೊಂಡಿತು. ನಾನು ಕಲಿಯಲು ಹೆಚ್ಚು ಕಾಲ ಹಿಡಿದಿತ್ತು.

ಒಂದು ಸಲಕ್ಕೆ ನಾಲ್ಕೈದೇ ಏಕೆಂದು ಕೇಳಬಹುದು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಸಂಶೋಧಕರು ನಾಯಿಗಳ ಮುಂದೆ ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಇಟ್ಟು ನೋಡಿ, 2012ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಕೆಲವು ಸಲ ಆಡಿದ ಮೇಲೆ ನಾಯಿಗಳು ಅದನ್ನು ಮೂಸಿಯೂ ನೋಡಲಿಲ್ಲ. ಬೇರೊಂದನ್ನು ಇಟ್ಟೊಡನೆ ಉತ್ಸಾಹ ಮರಳಿತು. ನಾಯಿ ದಣಿದಿರಲಿಲ್ಲ, ಆ ಆಟಿಕೆಯಿಂದ ಬೇಸತ್ತಿತ್ತು. ಆದುದರಿಂದ ನಾವು ಪ್ರತಿ ಸೋಮವಾರ ಬೋಗುಣಿಯಲ್ಲಿರುವುದನ್ನು ಟ್ರಂಕಿಗೂ, ಟ್ರಂಕಿನಲ್ಲಿರುವ ಬೇರೆ ನಾಲ್ಕೈದನ್ನು ಬೋಗುಣಿಗೂ ಬದಲಿಸುತ್ತೇವೆ. ತಿಂಗಳ ಬಳಿಕ ಹೊರಬಂದ ಹಳೆಯ ಚೆಂಡನ್ನು ಮೋತಿ ಹೊಸದೆಂಬಂತೆ ಬರಮಾಡಿಕೊಳ್ಳುತ್ತದೆ. ಪಾರ್ಸೆಲ್ಲುಗಳು ತಾವಾಗಿಯೇ ನಿಂತವು.

ಬದಲಿಸುವ ದಿನವೇ ತೊಳೆಯುವ ದಿನ. 2011ರಲ್ಲಿ ಅಮೆರಿಕೆಯ ಎನ್‌ಎಸ್‌ಎಫ್ ಎಂಬ ಸಂಸ್ಥೆಯು ಮನೆಗಳಲ್ಲಿ ಅತಿ ಹೆಚ್ಚು ರೋಗಾಣುಗಳಿರುವ ವಸ್ತುಗಳನ್ನು ಪರೀಕ್ಷಿಸಿದಾಗ, ಪಾತ್ರೆ ತಿಕ್ಕುವ ಸ್ಪಂಜು ಮೊದಲನೆಯದಾಗಿದ್ದರೆ, ಸಾಕುಪ್ರಾಣಿಗಳ ಆಟಿಕೆಗಳೂ ಮೊದಲ ಹತ್ತರೊಳಗೆ ಇದ್ದವು. ರಬ್ಬರಿನವನ್ನು ಬಿಸಿನೀರು ಸಾಬೂನಿನಲ್ಲಿ ಉಜ್ಜಿ, ಬಟ್ಟೆಯವನ್ನು ಒಗೆದು, ಚೆನ್ನಾಗಿ ಒಣಗಿದ ಮೇಲೆಯೇ ಟ್ರಂಕಿಗೆ ಹಾಕಬೇಕು. ನಮ್ಮ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅರೆ ಒಣಗಿದ ಹಗ್ಗವೊಂದು ಇಡೀ ಟ್ರಂಕಿಗೆ ಬೂಸರು ಹಿಡಿಸಬಲ್ಲುದು. ಮಳೆಗಾಲದಲ್ಲಿ ಬಟ್ಟೆಯ ಗೊಂಬೆಗಳು ಹೊರಬರುವುದೇ ಕಡಿಮೆ.

ಈ ಆಟಿಕೆಗಳಿಗೂ ಒಂದೊಂದು ಕಥೆಯಿದೆ. ಮೋತಿಗೆ ಅತ್ಯಂತ ಪ್ರಿಯವಾದುದು ಒಳಗೆ ಟೊಳ್ಳಾದ ರಬ್ಬರಿನ ಮೂರು ಉಬ್ಬುಗಳ ಆಟಿಕೆ. ಕಾಂಗ್ ಎಂದು ಅದರ ಹೆಸರು. 1970ರ ದಶಕದಲ್ಲಿ ಅಮೆರಿಕೆಯ ಕೊಲೊರಾಡೊದ ಜೋ ಮಾರ್ಕಮ್ ಎಂಬವರ ನಾಯಿ ಫ್ರಿಟ್ಜ್ ಕಲ್ಲು ಅಗಿದು ಹಲ್ಲು ಕೆಡಿಸಿಕೊಳ್ಳುತ್ತಿತ್ತು. ಅವರು ತಮ್ಮ ಫೋಕ್ಸ್‌ವ್ಯಾಗನ್ ವಾಹನವನ್ನು ದುರಸ್ತಿ ಮಾಡುತ್ತಿದ್ದಾಗ ಬಿಚ್ಚಿಟ್ಟ ರಬ್ಬರಿನ ಭಾಗವೊಂದನ್ನು ಅದು ಕಚ್ಚಿಕೊಂಡು ಸಂತೋಷಪಟ್ಟುದನ್ನು ಕಂಡು, ಅದೇ ಆಕಾರದಲ್ಲಿ ಆಟಿಕೆ ಮಾಡಿದರು. ನಾವು ಅದರ ಟೊಳ್ಳಿನಲ್ಲಿ ಮೊಸರಿನಲ್ಲಿ ಕಲಸಿದ ಜೋಳದ ರೊಟ್ಟಿಯ ಚೂರು ತುಂಬುತ್ತೇವೆ. ಅರ್ಧ ಗಂಟೆ ಮೋತಿಗೆ ಲೋಕದ ಪರಿವೆ ಇರುವುದಿಲ್ಲ. ಚೆಂಡುಗಳಲ್ಲಿ ಕೆಂಪನ್ನು ಬಿಟ್ಟು ನೀಲಿ ಹಳದಿಗಳನ್ನೇ ಉಳಿಸಿಕೊಂಡಿದ್ದೇವೆ. ನಾಯಿಯ ಕಣ್ಣಿಗೆ ಕೆಂಪು ಮಂಕಾಗಿ ಕಾಣುವುದರಿಂದ ಹುಲ್ಲಿನಲ್ಲಿ ಬಿದ್ದ ಕೆಂಪು ಚೆಂಡನ್ನು ಅದು ಮೂಗಿನಿಂದಲೇ ಹುಡುಕಬೇಕು.

ಅಮೆರಿಕೆಯ ವಾಫರ್ಡ್ ಕಾಲೇಜಿನ ನಿವೃತ್ತ ಪ್ರಾಧ್ಯಾಪಕ ಜಾನ್ ಪಿಲ್ಲಿಯವರ ಕಥೆಯನ್ನು ಮೊಮ್ಮಗಳು ಓದಿ ಹೇಳಿದಳು. ಅವರು ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿಗೆ ಮೂರು ವರ್ಷ ಪಾಠ ಹೇಳಿ 1,022 ಆಟಿಕೆಗಳ ಹೆಸರುಗಳನ್ನು ಕಲಿಸಿದರು. 2011ರಲ್ಲಿ ಅದು ಪ್ರಕಟವಾಯಿತು. ಅಷ್ಟು ಹೆಸರುಗಳನ್ನು ನಾಯಿ ನೆನಪಿಟ್ಟುಕೊಂಡರೂ ಮನುಷ್ಯರಿಗೆ ಅದು ಸಾಧ್ಯವಿಲ್ಲವಾದುದರಿಂದ, ಪ್ರತಿಯೊಂದು ಆಟಿಕೆಯ ಮೇಲೂ ಅಳಿಸಲಾಗದ ಮಸಿಯಿಂದ ಹೆಸರು ಬರೆದಿದ್ದರಂತೆ. ಇದನ್ನು ಕೇಳಿ ನಾವೂ ನಮ್ಮ 25ಕ್ಕೆ ಹೆಸರಿಟ್ಟು, ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಾಸ್ತಾನು ಪುಸ್ತಕ ಮಾಡಿದೆವು: ಕ್ರಮಸಂಖ್ಯೆ, ಹೆಸರು, ಬಂದ ದಿನ, ರದ್ದಾದ ದಿನ, ಷರಾ. ಪ್ರತಿರಾತ್ರಿ ಮಲಗುವ ಮುನ್ನ ಬೋಗುಣಿಯ ಹಾಜರಿ ತೆಗೆದುಕೊಳ್ಳುವುದು ನನ್ನ ಕೆಲಸ. ಒಂದೊಂದನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತೇನೆ. ಐದು ನಿಮಿಷ ಹಿಡಿಯುತ್ತದೆ. ಈ ಪುಸ್ತಕದಲ್ಲಿ ರದ್ದಿಗೆ ಹೋದ ವಸ್ತು ಹೆಚ್ಚಾದಷ್ಟೂ ನನಗೆ ಸಂತೋಷ. ಅದು ಆಡಿ ಸವೆದುದರ ಲೆಕ್ಕ.

ಮೋತಿ ಚೇಸರ್ ಅಲ್ಲ. ಅದಕ್ಕೆ ಬರುವ ಹೆಸರು ಮೂರೇ: ಚೆಂಡು, ಹಗ್ಗ, ಆನೆ. ಮೊದಲಿನ ಎರಡನ್ನು ಹೇಳಿದರೆ ತಂದುಕೊಡುತ್ತದೆ. "ಆನೆ" ಎಂದರೆ ಇಂದಿಗೂ ಎದ್ದು ಹೋಗಿ ಮಂಚದ ಕೆಳಗೆ ತಲೆ ತೂರಿಸಿ ನೋಡುತ್ತದೆ. ಕಾಣದೆ, ಹಿಂದಕ್ಕೆ ಬಂದು ನನ್ನ ಮುಖವನ್ನು ನೋಡುತ್ತದೆ. ಆದುದರಿಂದ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ.

ದಾಸ್ತಾನು ಪುಸ್ತಕ ಬರೆಯುವಾಗ ಇಲ್ಲದ ಆನೆಯನ್ನೂ ಸೇರಿಸಲೇಬೇಕೆಂದು ಮೊಮ್ಮಗಳು ಹಠ ಹಿಡಿದಳು. ಬಂದ ದಿನ, ರದ್ದಾದ ದಿನ ಬರೆದು, "ಷರಾದಲ್ಲಿ ಏನು ಬರೆಯಲಿ ಅಜ್ಜಾ?" ಎಂದು ಕೇಳಿದಳು. ವೈದ್ಯರಿಗೆ ಹೇಳದಿದ್ದುದನ್ನು ಅಂದು ಆ ಮಗುವಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ದುಂಡಗಿನ ಅಕ್ಷರಗಳಲ್ಲಿ, "ಅಜ್ಜ ನೋಡಿದ್ದರು, ಎತ್ತಲಿಲ್ಲ" ಎಂದು ಬರೆದು ಪುಸ್ತಕವನ್ನು ನನ್ನ ಕಡೆಗೆ ಸರಿಸಿದಳು. ಸೇವೆಯ ಉದ್ದಕ್ಕೂ ಎಷ್ಟೋ ರಜಿಸ್ಟರುಗಳಿಗೆ ಸಹಿ ಹಾಕಿದವನು ನಾನು. ಇದಕ್ಕೂ ಹಾಕಿದೆ.

ವಾಚಕ ಬಂಧುಗಳೇ, ತಮ್ಮ ಮನೆಯಲ್ಲಿ ನಾಯಿ ಇರಬಹುದು, ಇಲ್ಲದಿರಬಹುದು. ಮೊಮ್ಮಕ್ಕಳಾದರೂ ಇದ್ದೇ ಇರುತ್ತಾರೆ. ಇಂದು ರಾತ್ರಿ ದೀಪ ಆರಿಸುವ ಮುನ್ನ ಒಮ್ಮೆ ಬಗ್ಗಿ ಮಂಚದ ಕೆಳಗೆ ನೋಡಿರಿ. ಅಲ್ಲಿ ಸಿಕ್ಕಿದುದನ್ನು ಕಾಲಿನಿಂದ ತಳ್ಳದೆ ಕೈಯಿಂದ ಎತ್ತಿಕೊಳ್ಳಿರಿ. ಕೆಟ್ಟಿದ್ದರೆ ಬಿಸಾಡಿರಿ; ಚೆನ್ನಾಗಿದ್ದರೆ ಒರೆಸಿ ಇಟ್ಟು, ನಾಳೆ ಬೆಳಿಗ್ಗೆ ಆಡುವವರ ಕೈಗೆ ಕೊಡಿರಿ.